ಒಳಗಿನ ಎರಡು ಬೆರಳು

ಆ ಬೀದಿಗೆಲ್ಲ ಅವಳು ಟೈಲರಕ್ಕ. ಶಾಲೆ ಮಕ್ಕಳ ಅಂಗಿ, ಚಡ್ಡಿ, ಲಂಗ ಹೊಲಿಯುವುದೇ ಕಸುಬು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ: ಕಿಟಕಿಗೆ ಒತ್ತಿಕೊಂಡ ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಒಂದು ಹಲಗೆ, ಅದರ ಕೆಳಗೆ ಕಾಲು ಕುಂಟುವ ಸ್ಟೂಲು. ಸ್ಟೂಲಿನ ಮೇಲೆ ತಮ್ಮ ಬಂದರೆ ಕೂರುತ್ತಿದ್ದ. ಬರದೇ ಇದ್ದರೇ ವಾಸಿ ಎಂದು ಅವಳು ಎಷ್ಟೋ ವರ್ಷ ಅಂದುಕೊಂಡಿದ್ದಳು.

ಕಸುಬು ಕಲಿಸಿದವನು ಅಪ್ಪ. ಯಾರ ಬಟ್ಟೆಯಾದರೂ ಸರಿ, ಪಕ್ಕದ ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಮಡಿಚಿ ಬಿಡುವುದು ಅವನ ಪದ್ಧತಿ. ಮೈ ಬೆಳೆದಾಗ ಹೊಲಿಗೆ ಬಿಚ್ಚಿ ದೊಡ್ಡದು ಮಾಡಬಹುದಲ್ಲ, ಅದಕ್ಕೆ. ಮಕ್ಕಳಿಗೆ ಬಿಟ್ಟರೆ ನ್ಯಾಯ. ಈ ಮಹಾನುಭಾವ ಹಲ್ಲುದುರಿದ ಮುದುಕರಿಗೂ ಬಿಡುತ್ತಿದ್ದ! "ನಾನಿನ್ನು ಎಲ್ಲಿಗೆ ಬೆಳೀಬೇಕಪ್ಪಾ?" ಎಂದು ಅವರು ನಕ್ಕರೆ, ಅಪ್ಪ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಹೇಳುತ್ತಿದ್ದ: "ಒಳಗೊಬ್ಬ ಇದ್ದಾನಲ್ಲ, ಅವನು ಕೊನೇ ಉಸಿರಿನವರೆಗೂ ಬೆಳೀತಾನೆ. ಅವನ ಅಳತೆ ತೆಗೆಯೋ ಟೇಪು ನನ್ನ ಹತ್ರ ಇಲ್ಲ. ಅದಕ್ಕೆ ಅಂದಾಜಿಗೆ ಎರಡು ಬೆರಳು."

ತಮ್ಮನಿಗೆ ಬೀದಿಯವರು ಇಟ್ಟ ಹೆಸರು ಸೋಮವಾರ. ಕುಡಿತ ಬಿಡುವುದು ಬರುವ ಸೋಮವಾರದಿಂದ, ಕೆಲಸಕ್ಕೆ ಸೇರುವುದೂ ಬರುವ ಸೋಮವಾರದಿಂದ. ಅಕ್ಕನ ಮುಂದೆ ಅವನು ಆಣೆ ಇಟ್ಟಿದ್ದಕ್ಕೆ ಲೆಕ್ಕವಿಲ್ಲ. ಮೊದಮೊದಲು ಅವಳು ನಂಬಿದಳು, ಆಮೇಲೆ ಅತ್ತಳು, ಕೊನೆಗೆ ಎರಡನ್ನೂ ಬಿಟ್ಟಳು.

ಹೋದ ವರ್ಷ ಒಂದು ಬೆಳಿಗ್ಗೆ ಬಂದು ಅದೇ ಸ್ಟೂಲಿನ ಮೇಲೆ ಕೂತ. ಕೆನ್ನೆ ಒಳಗೆ ಹೋಗಿತ್ತು, ಕೈ ನಡುಗುತ್ತಿತ್ತು.

"ಅಕ್ಕಾ, ಒಂದು ಅಂಗಿ ಹೊಲಿದುಕೊಡು. ಬೇಕರೀಲಿ ಕೆಲಸ ಸಿಕ್ಕಿದೆ. ಸೋಮವಾರದಿಂದ."

"ಇದು ಎಷ್ಟನೇ ಸೋಮವಾರನೋ?"

"ಈ ಸಲ ನಿಜ."

ಅವಳು ಟೇಪು ಕೈಗೆತ್ತಿಕೊಂಡಳು. ಅಳತೆ ತೆಗೆದು, ನೀಲಿ ಬಟ್ಟೆ ಹಾಸಿ ಗೆರೆ ಎಳೆದಳು. ಕತ್ತರಿ ಗೆರೆಯಿಂದ ಎರಡು ಬೆರಳು ಆಚೆ ಹೋಗಬೇಕಿತ್ತು. ಗೆರೆಗೆ ಅಂಟಿಕೊಂಡೇ ಹೋಯಿತು. ಕೈತಪ್ಪಿ ಅಲ್ಲ, ಬೇಕೆಂತಲೇ. ಇವನಿಗೆ ಬಿಟ್ಟರೆ ಬಟ್ಟೆ ದಂಡ, ಇವನು ಇಷ್ಟೇ, ಮುಗಿದ ಮನುಷ್ಯ ಎಂದು ಅವಳ ಮನಸ್ಸು ಅಂದದ್ದನ್ನು ಕತ್ತರಿ ಮಾಡಿತು. ಕಸುಬು ಕಲಿತ ಮೇಲೆ ಹಾಗೆ ಕತ್ತರಿಸಿದ್ದು ಅದೊಂದೇ ಸಲ. ಉಳಿದ ತುಂಡನ್ನು ಸುತ್ತಿ ಹಲಗೆಯ ಮೇಲಿಟ್ಟಳು.

ಐದು ತಿಂಗಳಾದ ಮೇಲೆ ಅವನು ಮತ್ತೆ ಬಂದ. ಅವಳಿಗೆ ಗುರುತೇ ಸಿಗಲಿಲ್ಲ. ಮುಖ ತುಂಬಿಕೊಂಡಿತ್ತು, ಕೈ ಅಲುಗುತ್ತಿರಲಿಲ್ಲ, ಮೈಯಿಂದ ಬಿಸಿ ಬ್ರೆಡ್ಡಿನ ವಾಸನೆ. ಅಂಗಿಯ ಗುಂಡಿಗಳು ಈಗಲೋ ಆಗಲೋ ಎನ್ನುವ ಹಾಗಿದ್ದವು.

"ಸ್ವಲ್ಪ ದೊಡ್ಡದು ಮಾಡಿಕೊಡಕ್ಕಾ," ಎಂದು ಅಂಗಿ ಬಿಚ್ಚಿ ತಾನೇ ಒಳಹೊರಗು ಮಾಡಿ ಹಿಡಿದ. ಟೈಲರನ ಮಗನಲ್ಲವೇ, ಎಲ್ಲಿ ನೋಡಬೇಕೆಂದು ಅವನಿಗೆ ಗೊತ್ತಿತ್ತು. ಒಳಗೆ ಏನೂ ಇರಲಿಲ್ಲ. ಬೆರಳಿನಿಂದ ಹೊಲಿಗೆ ಸವರಿದ. ಇನ್ನೊಂದು ಪಕ್ಕವನ್ನೂ ಸವರಿ ನೋಡಿದ.

"ಬಟ್ಟೆ ಸಾಲದೇ ಹೋಯ್ತಾ?" ಎಂದು ಕೇಳಿದ.

"ಹೂಂ. ತುಂಡು ಚಿಕ್ಕದಿತ್ತು."

ಅವನ ತಲೆಯ ಮೇಲೇ ಹಲಗೆಯಲ್ಲಿ ನೀಲಿ ಬಟ್ಟೆ ಸುತ್ತಿಟ್ಟಿತ್ತು. ಅವನು ಅದನ್ನು ನೋಡಿದ್ದನ್ನು ಅವಳು ನೋಡಿದಳು. ನಾಚಿಕೆಯಿಂದ ಅವಳಿಗೆ ಮೈಯೆಲ್ಲ ಹಿಡಿಯಾಯಿತು.

"ಹೋಗ್ಲಿ ಬಿಡು, ಊಟ ಕಮ್ಮಿ ಮಾಡ್ತೀನಿ," ಎಂದು ನಕ್ಕು, ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡು ಹೋದ.

ಅವನಿಗೆ ಹೊಸ ಅಂಗಿ ಹೊಲಿಯಬೇಕು, ಎರಡಲ್ಲ, ನಾಲ್ಕು ಬೆರಳು ಬಿಡಬೇಕು ಎಂದು ಅವಳು ಅವತ್ತೇ ನಿಶ್ಚಯಿಸಿದಳು. ಆದರೆ ಶಾಲೆ ತೆರೆಯುವ ಕಾಲ, ಮೇಜಿನ ಮೇಲೆ ಮಕ್ಕಳ ಬಟ್ಟೆಯ ರಾಶಿ. ಬರುವ ಸೋಮವಾರ ಹೊಲಿದರಾಯಿತು ಎಂದುಕೊಂಡಳು. ಆ ಸೋಮವಾರ ಹೋಯಿತು, ಅದರ ಮುಂದಿನದೂ ಹೋಯಿತು. ಒಂದು ಶನಿವಾರ ಬೆಳಿಗ್ಗೆ ಬೇಕರಿಯ ಒಲೆಯ ಮುಂದೆ ತಟ್ಟೆ ಹಿಡಿದು ನಿಂತವನು ಹಾಗೇ ಕುಸಿದ. ಎದೆಬಡಿತ ನಿಂತಿತ್ತು.

ಎಲ್ಲ ಮುಗಿದು ವಾರವಾದ ಮೇಲೆ ಬೇಕರಿ ಯಜಮಾನರು ಒಂದು ಚೀಲ ತಂದುಕೊಟ್ಟರು. ಒಳಗೆ ತಮ್ಮನ ಬಾಚಣಿಗೆ, ಟವೆಲು, ಒಗೆದು ಮಡಿಚಿದ ನೀಲಿ ಅಂಗಿ.

"ಒಳ್ಳೆ ಕೆಲಸಗಾರ ಕಣಮ್ಮಾ," ಎಂದು ಅವರು ಸ್ಟೂಲಿನ ಮೇಲೆ ಕೂತರು. "ಅಕ್ಕ ಟೈಲರು ಅಂತೀಯ, ಈ ಅಂಗಿ ದೊಡ್ಡದು ಮಾಡೋಕೆ ಅವರ ಹತ್ರಾನೇ ಕೊಡೋ ಅಂದೆ. ಅಕ್ಕನಿಗೆ ಕೈತುಂಬ ಕೆಲಸ, ತೊಂದರೆ ಕೊಡಬಾರದು ಅಂದ."

ಅವಳು ಅಂಗಿ ಬಿಡಿಸಿದಳು. ಎರಡು ಪಕ್ಕಕ್ಕೂ ಮೈದಾ ಚೀಲದ ಬಿಳಿ ಬಟ್ಟೆಯ ಪಟ್ಟಿ ಕೊಟ್ಟು ಕೈಯಲ್ಲಿ ಹೊಲಿದಿತ್ತು. ಹೊಲಿಗೆ ಸೊಟ್ಟಾಪಟ್ಟ, ಒಂದು ಉದ್ದ, ಒಂದು ಗಿಡ್ಡ. ಸೊಟ್ಟ ಹೊಲಿಗೆ ಕಂಡರೆ ಬಿಚ್ಚುವುದು ಅವಳ ಕೈಗೆ ನಲವತ್ತು ವರ್ಷದ ಅಭ್ಯಾಸ. ಯಜಮಾನರ ಮಾತು ಕೇಳುತ್ತ ಕೇಳುತ್ತ ಬ್ಲೇಡು ತೆಗೆದುಕೊಂಡದ್ದೂ ಅವಳಿಗೆ ಗೊತ್ತಾಗಲಿಲ್ಲ. ಕಂಕುಳಿನಿಂದ ಕೆಳಗಿನ ಅಂಚಿನವರೆಗೆ ಸರ್ರನೆ ಬಿಚ್ಚಿಬಿಟ್ಟಳು.

ಒಳಗೆ ಮಡಿಚಿಟ್ಟ ಬಟ್ಟೆ ಮಡಿಲಿಗೆ ಬಿಚ್ಚಿಕೊಂಡು ಬಿತ್ತು. ಎರಡು ಬೆರಳಗಲ.

"ಅಯ್ಯೋ, ಬಿಚ್ಚೇಬಿಟ್ರಲ್ಲಮ್ಮಾ!" ಎಂದರು ಯಜಮಾನರು. "ಮಧ್ಯಾಹ್ನ ಊಟದ ಹೊತ್ತಲ್ಲಿ ಮೂರು ದಿನ ಕೂತು ಹೊಲಿದಿದ್ದು ಅದು. ಒಳಗೆ ಯಾಕೋ ಅಷ್ಟು ಬಟ್ಟೆ ಬಿಡ್ತೀಯ ಅಂದಿದ್ದಕ್ಕೆ, ಬೇಕಾಗುತ್ತೆ ಯಜಮಾನ್ರೇ, ನಾನಿನ್ನೂ ಮುಗಿದಿಲ್ಲ ಅಂದ."

ಅವರು ಹೋದದ್ದು ಯಾವಾಗ ಎಂದು ಅವಳಿಗೆ ತಿಳಿಯಲಿಲ್ಲ. ಅಪ್ಪ ಹೇಳಿದ್ದು ಸುಳ್ಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಬೆಳೆಯದ ಮನುಷ್ಯನಿಗೆ ಬಟ್ಟೆ ಬಿಡಲಿಲ್ಲ ಎಂದು ಹೇಗೋ ಬದುಕಬಹುದಿತ್ತು. ಅಪ್ಪ ಹೇಳಿದ್ದು ನಿಜವೇ ಆಗಿತ್ತು, ಅದನ್ನೇ ಅವಳಿಂದ ಸಹಿಸಲಾಗಲಿಲ್ಲ. ಸೂಜಿಗೆ ದಾರ ಪೋಣಿಸಿ ಅವನ ಹೊಲಿಗೆಯ ತೂತುಗಳಲ್ಲೇ ಮತ್ತೆ ಹೊಲಿಯಲು ನೋಡಿದಳು. ತೂತುಗಳು ಆಗಲೇ ಮುಚ್ಚಿಕೊಂಡಿದ್ದವು. ಅಷ್ಟು ಸೊಟ್ಟಗೆ ಹೊಲಿಯಲು ಅವಳಿಗೆ ಬರಲೂ ಇಲ್ಲ.

ಇನ್ನೊಂದು ಪಕ್ಕದ ಹೊಲಿಗೆ ಅವನು ಹೊಲಿದ ಹಾಗೇ ಇತ್ತು. ಅದನ್ನು ಮೇಲೆ ಮಾಡಿ ಅಂಗಿಯನ್ನು ಮೇಜಿನ ಮೇಲಿಟ್ಟು, ಬ್ಲೇಡನ್ನು ಕಿಟಕಿಯಾಚೆ ಎಸೆದು, ಎರಡು ಕೈಗಳನ್ನೂ ತೊಡೆಯ ಕೆಳಗೆ ಅದುಮಿಕೊಂಡು ಕೂತಳು.