ಓವನ್ ಕೋಟೆಯೊಳಗೆ ಬಂದದ್ದು

ನಾಲ್ಕೇ ನಾಲ್ಕು ಬೆರಳು. ಅಷ್ಟಕ್ಕೇ ನನ್ನ ಸೊಸೆಯ ಬೇಕರಿ ಕೋಟೆಬಾಗಿಲಲ್ಲಿ ನಿಂತುಹೋಗಿತ್ತು. ಓವನ್ ದಪ್ಪ, ಬಾಗಿಲು ಸಣ್ಣ. ಮುನ್ನೂರು ವರ್ಷದ ಕಲ್ಲು, ಉಗುರು ತಾಗಿಸಿದರೂ ದಂಡ. ಊರು ಬೆಳೆಯಬೇಕು, ಹೊಸ ಅಂಗಡಿಗಳು ಬರಬೇಕು ಎಂದು ಭಾಷಣ ಬಿಗಿದಿದ್ದ ನಗರಸಭೆ ಅಧ್ಯಕ್ಷರು ಟೇಪು ಹಿಡಿದು ಅಳೆದದ್ದೇ ಅಳೆದದ್ದು. ಅಳೆದರೆ ಕಲ್ಲು ಸರಿಯುತ್ತದೆಯೇ?

"ಇನ್ನರ್ಧ ಗಂಟೆ ನೋಡ್ತೀನಿ, ಆಮೇಲೆ ವಾಪಸ್. ಕಂಪನಿ ಇದನ್ನ ಬೇರೆಯವ್ರಿಗೆ ಕೊಡುತ್ತೆ" ಎಂದ ಲಾರಿ ಡ್ರೈವರ್. ಪರವೂರಿನಲ್ಲಿ ದುಡಿದು ಕೆಲಸ ಕಲಿತು, ಅಂಗಡಿ ಹಾಕಿದರೆ ನಮ್ಮೂರಲ್ಲೇ ಎಂದು ಹಟ ಹಿಡಿದಿದ್ದ ಸೊಸೆ ತುಟಿ ಕಚ್ಚಿಕೊಂಡು ನಿಂತಿದ್ದಳು.

ಇನ್ನೊಂದು ದಾರಿ ಇತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಕೋಟೆಗೋಡೆಯಲ್ಲೇ ಇರುವ ಹಳೆಯ ಬೇಕರಿಗೆ ಹೊರಗಿನ ರಸ್ತೆಗೊಂದು, ಒಳಗೆ ನಮ್ಮ ಬೀದಿಗೊಂದು ಬಾಗಿಲು. ಎರಡೂ ಹಿಟ್ಟಿನ ಗಾಡಿ ನುಗ್ಗುವಷ್ಟು ಅಗಲ. ಆದರೆ ಯಜಮಾನರು ಸಿಡುಕಜ್ಜ. ನಲವತ್ತು ವರ್ಷಗಳಿಂದ ಊರಿಗೆಲ್ಲ ಅವರೊಬ್ಬರದೇ ಬ್ರೆಡ್ಡು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನೇ ಹೋದೆ. ಸೊಸೆಯೂ ಡ್ರೈವರನೂ ಹಿಂದೆ ಬಂದರು.

"ಏನಮ್ಮಾ, ನನ್ನ ಅನ್ನಕ್ಕೆ ಕಲ್ಲು ಹಾಕೋ ಓವನ್ನಿಗೆ ನಾನೇ ದಾರಿ ಬಿಡಬೇಕಾ?" ಎಂದರು ಅಜ್ಜ.

ನನಗೂ ರೇಗಿತು. "ಬಿಡಬೇಡಿ! ಜನ ಎಲ್ಲಾ ಹೊರಗಿನ ಮಾಲ್‌ಗೆ ಹೋಗ್ತಿದ್ದಾರೆ. ನೀವೂ ನಿಮ್ಮ ಬ್ರೆಡ್ಡೂ ಮುಖ ಮುಖ ನೋಡ್ಕೊಂಡು ಕೂತಿರಿ!"

ಡ್ರೈವರ್ ನಕ್ಕ. "ಬಿಡಿ ಅಮ್ಮಾ. ಈ ಮುದಿ ಊರಿಗೆ ಹೊಸ ಓವನ್ ಯಾಕೆ? ಗೋಡೆ ನೋಡೋಕೆ ನಾಲ್ಕು ಜನ ಬರ್ತಾರೆ, ಅಷ್ಟೇ."

ಅಜ್ಜ ನಖಶಿಖಾಂತ ಉರಿದುಹೋದರು. "ಈ ಊರನ್ನ ಬೈಯೋಕೆ ನಾನಿದ್ದೀನಿ, ನೀನ್ಯಾರಯ್ಯಾ? ಗಾಡಿ ತಿರುಗಿಸು. ಓವನ್ ಒಳಗೆ ಬರುತ್ತೆ!"

ಅಡ್ಡಲಾಗಿದ್ದ ಮಾರಾಟದ ಮೇಜನ್ನು ಅವರೇ ಸುತ್ತಿಗೆ ಹಿಡಿದು ಬಿಚ್ಚಿದರು. ಕಪಾಟುಗಳು ಬೀದಿಗೆ ಬಂದವು. ದರ್ಜಿ, ಬೀಗ ರಿಪೇರಿಯವನು, ಟೇಪು ಬಿಸಾಕಿದ ಅಧ್ಯಕ್ಷರು, ಎಲ್ಲರೂ ಕೈ ಹಚ್ಚಿದರು. ಅಂಗಡಿಯ ನಟ್ಟನಡುವೆ ಓವನ್ ಮೊಂಡು ಹಿಡಿದಾಗ ಅಜ್ಜ ಭುಜ ಕೊಟ್ಟು, "ಪೈಪೋಟಿ ನಾಳೆಯಿಂದ. ಇವತ್ತು ತಳ್ರೋ!" ಎಂದು ಗದರಿದರು. ಅದು ನಮ್ಮ ಬೀದಿಗೆ ಕಾಲಿಟ್ಟಾಗ ಎದ್ದ ಕೇಕೆಗೆ ಕಿವಿ ಗಡಚಿಕ್ಕಿತು. ನಾನಂತೂ ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಸೊಸೆ ಮಾತ್ರ ಓವನ್ನಿನ ಹಿಂದೆ ಓಡಲಿಲ್ಲ. ಹಲಗೆ ಹಲಗೆಯಾಗಿ ಬಿದ್ದಿದ್ದ ಮೇಜಿನ ಮುಂದೆ ನಿಂತಳು. "ಅಜ್ಜಾ, ಇದು ಸರಿಯಾಗೋವರೆಗೂ ನಿಮ್ಮ ಬ್ರೆಡ್ಡನ್ನ ನನ್ನ ಅಂಗಡೀಲಿ ಮಾರ್ಲಾ?"

"ನನ್ನ ಹೆಸರು ಹೇಳೇ ಮಾರ್ಬೇಕು."

"ನಿಮ್ದನ್ನೇ ಮುಂದಿಡ್ತೀನಿ."

ಮರುದಿನ ಬೆಳಿಗ್ಗೆ ಸೊಸೆಯ ಅಂಗಡಿ ಮುಂದಿನ ಸಾಲು ಕೋಟೆಬಾಗಿಲನ್ನೂ ದಾಟಿತ್ತು. ಮಾಲ್‌ನ ಚೀಲ ಹಿಡಿದವರೂ ಅದರಲ್ಲಿದ್ದರು. ಅಜ್ಜನ ಬ್ರೆಡ್ಡೇ ಮೊದಲು ಖಾಲಿಯಾಯಿತು. ನನ್ನ ಹೊಟ್ಟೆ ಸ್ವಲ್ಪ ಉರಿಯಿತು, ಸುಳ್ಳೇಕೆ ಹೇಳಲಿ? ಸೊಸೆ ಬೀದಿಗಿಳಿದು ಕೂಗಿದಳು: "ಅಜ್ಜಾ, ಇನ್ನಷ್ಟು ಬೇಕು! ನಿಮ್ಮ ಒಲೆ ಸಾಲದಿದ್ರೆ ನಮ್ದಿದೆ!"

ಸಿಡುಕಜ್ಜ ಆಗಲೇ ಹಿಟ್ಟು ತುಂಬಿದ ಅಚ್ಚುಗಳನ್ನು ಹೊತ್ತುಕೊಂಡು ಬೀದಿ ದಾಟುತ್ತಿದ್ದರು.