ಬರಿಯ ಕರಡಿಗೆ

ಹೊಸದುರ್ಗ ಬಿಟ್ಟು ಎರಡು ಹರದಾರಿ ಬಂದಿದ್ದರೂ ಮರುಳಸಿದ್ದಪ್ಪ ಬಾಯಿ ಬಿಟ್ಟಿರಲಿಲ್ಲ. ಗಾಡಿಯ ಹಿಂಬದಿಯಲ್ಲಿ ತಗಡಿನ ಟ್ರಂಕಿಗೆ ಒರಗಿ, ಮೊಣಕಾಲು ತಬ್ಬಿಕೊಂಡು ಕೂತಿದ್ದ. ಎದುರಿಗೆ ಕೂತ ತಾಯಿ ದಾಕ್ಷಾಯಣಮ್ಮ ಆ ಮುಖದಿಂದ ಕಣ್ಣು ತೆಗೆದಿರಲಿಲ್ಲ.

ಮೈಸೂರು ಸೀಮೆಗೆ ಯೂನಿವರ್ಸಿಟಿ ಬಂದು ಆಗ ಒಂದು ವರ್ಷವಾಗಿತ್ತು. ಚಿತ್ರದುರ್ಗದಲ್ಲಿ ಹೈಸ್ಕೂಲು ಮುಗಿಸಿ, ಮತ್ತೋಡಿನಿಂದ ಬೆಂಗಳೂರಿನ ಕಾಲೇಜಿಗೆ ಹೊರಟವರಲ್ಲಿ ಸಿದ್ದ ಎರಡನೆಯವನು. ಮೊದಲು ಹೋದವನು ಅವನ ಅಣ್ಣ ಚಿತ್ರಲಿಂಗಪ್ಪ. ಮೂರು ವರ್ಷದ ಹಿಂದೆ ಇದೇ ದಾರಿಯಲ್ಲಿ, ಇದೇ ರೌಫನ ಗಾಡಿಯಲ್ಲಿ ಹೋಗಿದ್ದ. ಎರಡು ತಿಂಗಳಿಗೆ ಅವನ ಟ್ರಂಕು ಮಾತ್ರ ವಾಪಸು ಬಂತು.

ಜ್ವರದಲ್ಲಿ ಹೋದ ಎಂದು ಊರವರು ತಿಳಿದರು. ದಾಕ್ಷಾಯಣಮ್ಮನಿಗೆ ತಿಳಿದದ್ದು ಬೇರೆ. ಟ್ರಂಕಿನ ತಳದಲ್ಲಿ ಮಡಿಸಿದ ಪಂಚೆಯೊಳಗೆ, ಮಗ ಕೊರಳಲ್ಲಿ ಧರಿಸುತ್ತಿದ್ದ ಬೆಳ್ಳಿಯ ಕರಡಿಗೆ ಇತ್ತು. ತೆರೆದು ನೋಡಿದಳು. ಒಳಗೆ ಲಿಂಗವಿರಲಿಲ್ಲ. ಬಾಡಿಗೆ ಮನೆಯ ಯಜಮಾನ ಬರೆದ ಕಾಗದವನ್ನು ಓದಿಸಿಕೊಂಡಳು: ‘ತಮ್ಮ ಮಗನು ಬಾವಿಯ ಕಟ್ಟೆಯ ಮೇಲೆ ಪೂಜೆಗೆ ಕುಳಿತಾಗ ಏನೋ ನೀರಿಗೆ ಬಿದ್ದಿತೆಂದು ಅತ್ತನು. ಏನೆಂದು ಕೇಳಿದರೂ ಹೇಳಲಿಲ್ಲ. ಅಂದಿನಿಂದ ಆರು ದಿನ ಹೊಟ್ಟೆನೋವೆಂದು ಅನ್ನ ಮುಟ್ಟಲಿಲ್ಲ. ಏಳನೆಯ ದಿನ ಜ್ವರ ಬಂತು.’

‘ಮೈಮ್ಯಾಲೆ ಲಿಂಗ ಇಲ್ದೆ ಒಂದು ತುತ್ತೂ ಬಾಯಿಗೆ ಇಡಬ್ಯಾಡ ಮಗಾ’ ಎಂದು ಗಾಡಿ ಹತ್ತಿಸುವಾಗ ಹೇಳಿದವಳು ಅವಳೇ.

ಆಮೇಲೆ ಹೊಸದುರ್ಗದ ಮಠದ ಅಯ್ಯನವರಲ್ಲಿಗೆ ಒಬ್ಬಳೇ ಹೋಗಿ, ಲಿಂಗ ಕಳೆದರೆ ಏನು ಗತಿ ಎಂದು ಕೇಳಿದಳು. ಅಯ್ಯನವರು, "ಬಂದು ಹೇಳಿದ್ರೆ ಬ್ಯಾರೆ ಲಿಂಗ ಕಟ್ತಿದ್ವಿ ತಾಯಿ. ಹುಡುಗ ಯಾರಿಗೂ ಹೇಳಲಿಲ್ಲವಲ್ಲ" ಎಂದರು. ಆ ಮಾತನ್ನು ಅವಳೂ ಯಾರಿಗೂ ಹೇಳಲಿಲ್ಲ. ಸಿದ್ದನಿಗೂ ಹೇಳಲಿಲ್ಲ. ಹೇಳಿದರೆ ಅಣ್ಣನನ್ನು ಕೊಂದದ್ದು ಯಾರ ಮಾತು ಎಂದು ಅವನಿಗೆ ತಿಳಿಯುತ್ತಿತ್ತು.

"ಅಮ್ಮಾರೆ, ಹುಡುಗ ಕಾಲೇಜಿಗೆ ಹೊಂಟಾನೋ ಜೈಲಿಗೋ?" ರೌಫ ಎತ್ತಿನ ಬಾಲ ಮುಟ್ಟುತ್ತ ಹಿಂದಿರುಗಿ ನೋಡಿದ. "ನನ್ನ ಎತ್ತೇ ವಾಸಿ, ಇವನಿಗಿಂತ ಜಾಸ್ತಿ ಮಾತಾಡ್ತೈತೆ."

ಗಾಡಿಯಲ್ಲಿದ್ದ ಇನ್ನೊಬ್ಬ ನಕ್ಕ. ಅವನು ಹೊಳಲ್ಕೆರೆಯ ಅಡಿಕೆ ವ್ಯಾಪಾರಿಯ ಮಗ ಪರಮೇಶ್ವರಪ್ಪ. ಕಾಲೇಜಿನಲ್ಲಿ ಒಂದು ವರ್ಷ ಓದಿ, ರಜೆ ಮುಗಿಸಿ ಹೊರಟಿದ್ದ. ಹೊಸದುರ್ಗದ ನೆಂಟರ ಮನೆಯಿಂದ ಇದೇ ಗಾಡಿ ಹತ್ತಿದ್ದ.

"ಮೊದಲ್ನೇ ಸಲ ಎಲ್ರೂ ಹಿಂಗೇ ಬಿಡ್ರಿ. ನೋಡಪ್ಪ ಸಿದ್ದಪ್ಪ, ಹೆಸರು ಕೂಗಿದಾಗ ಎದ್ದು ‘ಪ್ರೆಸೆಂಟ್ ಸಾರ್’ ಅನ್ನಬೇಕು. ನಾನು ‘ಅದೀನ್ರಿ’ ಅಂದಿದ್ದಕ್ಕೆ ವರ್ಷಪೂರ್ತಿ ನನ್ನ ಹೆಸರೇ ‘ಅದೀನ್ರಿ’ ಆಗೋತು. ಮುಂದಿನ ಬೆಂಚಲ್ಲಿ ಕುಂತ್ರೆ ಪ್ರಶ್ನೆ ಕೇಳ್ತಾರೆ, ಹಿಂದೆ ಕುಂತ್ರೆ ಇಂಗ್ಲಿಷು ಕೇಳಲ್ಲ. ಮೂರನೇ ಬೆಂಚು ಹಿಡಿ. ಭಾನುವಾರ ಭಾನುವಾರ ಮನೆಗೆ ಕಾಗದ ಹಾಕು. ರೂಮು ಹಿಡಿಯೋಕೆ ಮುಂಚೆ ಬಾವಿ ನೋಡು, ನೀರು ಹೆಂಗೈತೆ ಅಂತ."

ಬಾವಿ ಎಂದ ಕೂಡಲೇ ದಾಕ್ಷಾಯಣಮ್ಮನ ಕೈ ತಾನಾಗಿ ತನ್ನ ಕೊರಳ ಕರಡಿಗೆಗೆ ಹೋಯಿತು. ಅದೇ ಗಳಿಗೆಯಲ್ಲಿ ಸಿದ್ದನ ಕೈಯೂ ಅಂಗಿಯ ಮೇಲಿಂದ ಎದೆಗೆ ಹೋಗಿ, ಬಿಸಿಗೆ ತಾಗಿದಂತೆ ಹಿಂದಕ್ಕೆ ಬಂತು. ಅವಳು ಅದನ್ನು ನೋಡಿದಳು.

"ಇನ್ನೊಂದು ಮುಖ್ಯ," ಪರಮೇಶ್ವರಪ್ಪ ಹೇಳುತ್ತಲೇ ಇದ್ದ. "ಏನಾದ್ರೂ ತೊಂದ್ರೆ ಆದ್ರೆ ಬಾಯಿಬಿಟ್ಟು ಹೇಳಬೇಕು. ನಾಚ್ಕೊಂಡು ಮೂಲೇಲಿ ಕುಂತ್ರೆ ಅಲ್ಲಿ ಯಾರಿಗೂ ಗೊತ್ತಾಗಲ್ಲ."

ಸ್ಟೇಷನ್ನಿಗೆ ಇನ್ನು ಒಂದು ಮೈಲಿ ಇರುವಾಗ ಹಳ್ಳದ ಪಕ್ಕದ ಹೊಂಗೆಯ ಮರದ ಕೆಳಗೆ ಗಾಡಿ ನಿಲ್ಲಿಸಿದರು. ರೈಲಿಗೆ ಇನ್ನೂ ಹೊತ್ತಿತ್ತು. ದಾಕ್ಷಾಯಣಮ್ಮ ಬುತ್ತಿ ಬಿಚ್ಚಿದಳು. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರು.

"ನಂಗೆ ಬ್ಯಾಡವ್ವ. ಹೊಟ್ಟೆ ನೋವು," ಎಂದ ಸಿದ್ದ.

ಅವಳ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ನಿನ್ನೆ ರಾತ್ರಿ ಹೊಸದುರ್ಗದಲ್ಲಿ ತಂಗಿದ್ದ ಮನೆಯಲ್ಲಿ ಹೊಟ್ಟೆ ಭಾರ ಎಂದಿದ್ದ. ನಿನ್ನೆ ಮಧ್ಯಾಹ್ನ ಗಾಡಿಯ ಕುಲುಕಿಗೆ ತಲೆ ಸುತ್ತುತ್ತದೆ ಎಂದಿದ್ದ. ನಿನ್ನೆ ಬೆಳಿಗ್ಗೆ ವೇದಾವತಿಯಲ್ಲಿ ಸ್ನಾನಕ್ಕೆ ಇಳಿದಿದ್ದ. ಹೊಸ ನೀರು ಕೆಂಪಗೆ ಹರಿಯುತ್ತಿತ್ತು. ಪೂಜೆ ಮುಗಿಸಿ ಮೇಲೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಚಳಿಗೆ ಎಂದುಕೊಂಡಿದ್ದಳು.

ಅವಳು ಮಗನ ಹತ್ತಿರ ಹೋಗಿ ಕೂತು ಅವನ ಅಂಗಿಯೊಳಗೆ ಕೈ ಹಾಕಿದಳು. ಅವನು ತಡೆಯಲಿಲ್ಲ. ಶಿವದಾರ ಇತ್ತು, ಕರಡಿಗೆ ಇತ್ತು. ಅದು ಹಗುರವಾಗಿತ್ತು. ಮುಚ್ಚಳ ತೆಗೆದರೆ ಒಳಗೆ ಹತ್ತಿಯಷ್ಟೇ. ಶಿವನೇ, ಬರಿಯ ಕರಡಿಗೆಯನ್ನು ಎಷ್ಟು ಸಲ ತೆರೆಸುವೆಯಪ್ಪಾ ಎಂದು ಮನಸ್ಸು ಕೂಗಿತು.

"ಅಂಗೈಯಿಂದ ಜಾರೋತವ್ವ," ಸಿದ್ದ ಪಿಸುಗುಟ್ಟಿದ. ತುಟಿ ಒಣಗಿ ಬಿರಿದಿತ್ತು. "ಹುಡುಕಿದೆ. ಸಿಗಲಿಲ್ಲ. ನಿಂಗೆ ಹೆಂಗೆ ಹೇಳಲಿ? ಚಿಕ್ಕಂದಿನಿಂದ ನೀನೇ ಹೇಳಿದ್ಯಲ್ಲ, ಲಿಂಗ ಇಲ್ದೆ..."

"ಹೇಳಿದ್ದೆ." ಅವಳು ಕರಡಿಗೆಯ ಮುಚ್ಚಳ ಹಾಕಿದಳು. "ನಿಮ್ಮಣ್ಣಗೂ ಹೇಳಿದ್ದೆ."

ಹುಡುಗ ಅವಳನ್ನೇ ನೋಡಿದ. ಆ ನೋಟಕ್ಕಾಗಿಯೇ ಅವಳು ಮೂರು ವರ್ಷ ಹೆದರಿ ಬದುಕಿದ್ದಳು. ಈಗ ಅದಕ್ಕಿಂತ ದೊಡ್ಡ ಹೆದರಿಕೆ ಎದುರಿಗೆ ಕೂತಿತ್ತು. ಬಾವಿಯ ಸಂಗತಿ, ಆರು ದಿನದ ಉಪವಾಸ, ಅಯ್ಯನವರ ಮಾತು, ಒಂದನ್ನೂ ಮುಚ್ಚಿಡದೆ ಹೇಳಿದಳು. ಸಿದ್ದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೇಳಿದ.

ಆಮೇಲೆ ಹಳ್ಳಕ್ಕೆ ಇಳಿದು ಕೈಕಾಲು ತೊಳೆದು ಬಂದಳು. ಹಣೆಗೆ ವಿಭೂತಿ ಧರಿಸಿ, ತನ್ನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ನೀರೆರೆದು, ರೊಟ್ಟಿಯನ್ನು ಲಿಂಗಕ್ಕೆ ತೋರಿಸಿ ಅರ್ಪಿಸಿದಳು. ಒಂದು ಚೂರು ಮುರಿದು ಮಗನ ಬಾಯಿಯ ಹತ್ತಿರ ಹಿಡಿದಳು.

"ಇದು ರೊಟ್ಟಿ ಅಲ್ಲ, ಪ್ರಸಾದ. ಪ್ರಸಾದ ಬ್ಯಾಡ ಅನ್ನಬಾರದು. ಉಣ್ಣು."

"ತಪ್ಪಾಗ್ತೈತೆ ಅವ್ವ."

"ಆದ್ರೆ ಶಿವ ನನ್ನ ಕೇಳ್ಲಿ. ನಾನು ಉತ್ರ ಕೊಡ್ತೀನಿ. ನೀನು ಉಣ್ಣು."

ಅವನು ಬಾಯಿ ತೆರೆದ. ಮೊದಲ ಚೂರು ಗಂಟಲಲ್ಲಿ ಇಳಿಯಲು ಒದ್ದಾಡಿತು. ಅವಳು ಮೊಸರು ಕೊಟ್ಟಳು. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಅವನೇ ಕೈ ಚಾಚಿದ.

ರೌಫ ಮೆಲ್ಲಗೆ ಕೇಳಿದ. "ಅಮ್ಮಾರೆ, ಸ್ಟೇಷನ್ನಿಗೋ?"

"ಇಲ್ಲ ರೌಫಣ್ಣ. ಹಿಂದಕ್ಕೆ, ಹೊಸದುರ್ಗದ ಮಠಕ್ಕೆ. ಅಯ್ಯನವರ ಹತ್ರ ಲಿಂಗ ಕಟ್ಟಿಸ್ಕೊಂಡು ನಾಳೆ ಬರಾಣ."

"ನಾಳೆಗೆ ಕಾಲೇಜು ಬಾಗಿಲು ತೆಗೀತೈತಲ್ರಿ!" ಎಂದ ಪರಮೇಶ್ವರಪ್ಪ. ಅವಳ ಮುಖ ನೋಡಿ ದನಿ ಇಳಿಸಿದ. "ಆಗ್ಲಿ ಬಿಡ್ರಿ. ಒಂದಿನ ತಡ ಅಂತ ನಾನೇ ಹೇಳ್ತೀನಿ. ಮೂರನೇ ಬೆಂಚಲ್ಲಿ ಜಾಗ ಹಿಡಿದಿರ್ತೀನಿ ಕಣೋ." ತನ್ನ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಸ್ಟೇಷನ್ನಿನ ಕಡೆ ನಡೆದ.

ಗಾಡಿ ತಿರುಗಿತು. ಸಿದ್ದ ಇನ್ನೂ ರೊಟ್ಟಿ ಅಗಿಯುತ್ತಿದ್ದ. ಅವನ ಗಂಟಲು ಏರಿಳಿಯುವುದನ್ನೇ ತಾಯಿ ನೋಡುತ್ತ ಕೂತಳು. ಬೆಂಗಳೂರಿನಲ್ಲೂ ಬಾವಿಗಳಿವೆ. ಅಲ್ಲಿ ಅವಳ ಅಂಗೈ ಇರುವುದಿಲ್ಲ.

"ಅಲ್ಲಿ ಮತ್ತೆ ಜಾರಿದ್ರೆ ಏನು ಮಾಡ್ತೀಯ? ಹೇಳು."

"ಮಠಕ್ಕೆ ಹೋಗ್ತೀನಿ."

"ಅದಕ್ಕೂ ಮುಂಚೆ?"

"ಯಾರಿಗಾದ್ರೂ ಹೇಳ್ತೀನಿ."

"ಅದಕ್ಕೂ ಮುಂಚೆ?"

ಅವನು ತಲೆ ತಗ್ಗಿಸಿದ. "ಉಣ್ತೀನಿ."

ದೂರದಲ್ಲಿ ರೈಲು ಕೂಗಿತು. ದಾಕ್ಷಾಯಣಮ್ಮ ಬೆಚ್ಚಿ ಮಗನ ಮಣಿಕಟ್ಟನ್ನು ಹಿಡಿದುಕೊಂಡಳು.

"ಇನ್ನೊಂದು ಸಲ ಹೇಳು," ಎಂದಳು.