ಬಲಬದಿಯ ಗೀರುಗಳು

ಶಿಹಾತಾ ಮಾವ ಮತ್ತು ಲುತ್ಫಿ ಮಾವ ಇಪ್ಪತ್ತೆರಡು ವರ್ಷ ಒಂದೇ ಟ್ಯಾಕ್ಸಿ ಓಡಿಸಿದರು. ಅಷ್ಟು ವರ್ಷದಲ್ಲಿ ಇಬ್ಬರೂ ಜೊತೆಗೆ ಕೂತು ಒಂದು ತುತ್ತು ತಿಂದದ್ದನ್ನು ನಾನು ನೋಡಿರಲಿಲ್ಲ. ಮನಸ್ತಾಪವೇನೂ ಇರಲಿಲ್ಲ, ಪುರುಸೊತ್ತಿರಲಿಲ್ಲ ಅಷ್ಟೇ. ಇಬ್ಬರೂ ಸೇರಿ ಕೊಂಡ ಕಪ್ಪು-ಹಳದಿ ಲಾಡಾ ಅದು. ಹಗಲು ಶಿಹಾತಾ ಮಾವನದು, ರಾತ್ರಿ ಲುತ್ಫಿ ಮಾವನದು. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ, ಮುಹರ್ರಮ್ ಬೇ ಬಡಾವಣೆಯಲ್ಲಿರುವ ನನ್ನ ಅಂಗಡಿಯ ಮುಂದೆ ಕೀ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಇಬ್ಬರ ಮನೆಗೂ ಅದೇ ನಡುಜಾಗ.

ನನ್ನದು ಕಾರಿಗೆ ಪಾಲಿಶ್ ಮಾಡುವ ಅಂಗಡಿ. ಅಪ್ಪ ನಡೆಸುತ್ತಿದ್ದರು, ಅವರ ಮೊಣಕಾಲು ಸೋತ ಮೇಲೆ ನಾನು ವಹಿಸಿಕೊಂಡೆ. ‘ಹೆಂಗಸಿನ ಕೈಗೆ ಕಾರು ಕೊಡೋದಾ’ ಎಂದು ಮೂಗು ಮುರಿದವರೇ ಈಗ ನನ್ನನ್ನು ‘ಉಸ್ತಾ ಸಮೀಹಾ’ ಎಂದು, ಕಸುಬು ಬಲ್ಲ ಮೇಸ್ತ್ರಿಯನ್ನು ಕರೆಯುವ ಹಾಗೆ ಕರೆದು ಸರದಿ ಕಾಯುತ್ತಾರೆ.

ಕೀ ಬದಲಾಗುವ ಆ ಎರಡು ನಿಮಿಷ ದಿನವೂ ನನ್ನ ಕಿವಿಗೆ ಹಬ್ಬ.

“ಸೀಟನ್ನ ಯಾಕೋ ಅಷ್ಟು ಮುಂದಕ್ಕೆ ಎಳೀತೀಯ? ಸ್ಟೇರಿಂಗಿಗೆ ಮುತ್ತು ಕೊಡ್ತೀಯಾ?” ಎನ್ನುತ್ತಿದ್ದರು ಶಿಹಾತಾ ಮಾವ.

“ನಿನ್ನ ಹೊಟ್ಟೆಗೆ ಜಾಗ ಮಾಡಿ ಮಾಡಿ ಸೀಟೇ ಸವೆದೋಗಿದೆ, ಸುಮ್ನಿರು” ಎನ್ನುತ್ತಿದ್ದರು ಲುತ್ಫಿ ಮಾವ.

ಇಬ್ಬರಿಗೂ ಆ ಕಾರಿನ ಮೇಲೆ ಪ್ರಾಣ. ನಮ್ಮ ಅಲೆಕ್ಸಾಂಡ್ರಿಯಾದಲ್ಲಿ ಕಾರಿಗೆ ಸಮುದ್ರದ ಗಾಳಿಗಿಂತ ದೊಡ್ಡ ಶತ್ರು ಇಲ್ಲ, ಉಪ್ಪು ತಗಡನ್ನು ಸದ್ದಿಲ್ಲದೆ ತಿನ್ನುತ್ತದೆ. ಹಾಗಾಗಿ ಶಿಹಾತಾ ಮಾವ ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಡಬ್ಬಿಯ ಮೇಣ ಹಚ್ಚುತ್ತಿದ್ದರು. ಲುತ್ಫಿ ಮಾವ ವಾರದ ನಡುವೆ ಒಂದು ಬೆಳಗಿನ ಜಾವ, ಜೇನುಮೇಣಕ್ಕೆ ಟರ್ಪೆಂಟೈನ್ ಬೆರೆಸಿ ತಾವೇ ಕಾಸಿದ್ದನ್ನು ಅದರ ಮೇಲೆ ಬಳಿಯುತ್ತಿದ್ದರು. ಹಳೆಯದನ್ನು ಮಾತ್ರ ಯಾರೂ ತೆಗೆಯುತ್ತಿರಲಿಲ್ಲ. ಮುಖ ತೊಳೆಯದೆ ದಿನಾ ಪೌಡರ್ ಮೆತ್ತಿದ ಹಾಗೆ. ವರ್ಷಗಳು ಕಳೆದಂತೆ ಕಪ್ಪು ಬೂದಿಯಾಯಿತು, ಹಳದಿ ಸಾಸಿವೆಯಾಯಿತು, ಬಾಗಿಲ ಹಿಡಿಕೆಯ ಸಂದಿಯಲ್ಲಿ ಕೆನೆ ಕಟ್ಟಿತು. ನಾನು ಹೇಳಿದರೆ ಇಬ್ಬರದೂ ಒಂದೇ ಉತ್ತರ: “ಅದು ಅವನ ಮೇಣದ ದೋಷ.”

ಶಿಹಾತಾ ಮಾವನ ಮಗಳು ಇನಾಸ್‌ಗೆ ಮದುವೆ ಗೊತ್ತಾದಾಗ ವರನ ಕಡೆಯವರು ಉದ್ದನೆಯ ಬಿಳಿ ಕಾರು ಕಳಿಸುತ್ತೇವೆ ಎಂದರಂತೆ. ಅವಳು ಒಪ್ಪಲಿಲ್ಲ. “ಶಾಲೆಗೆ ಹೋಗಿದ್ದು ಲಾಡಾದಲ್ಲಿ, ಪರೀಕ್ಷೆಗೆ ಹೋಗಿದ್ದು ಲಾಡಾದಲ್ಲಿ. ದಿಬ್ಬಣಾನೂ ಲಾಡಾದಲ್ಲೇ. ಲುತ್ಫಿ ಚಿಕ್ಕಪ್ಪ ಓಡಿಸ್ತಾರೆ, ನೀನು ಪಕ್ಕದಲ್ಲಿ ಕೂತ್ಕೋ ಅಪ್ಪ” ಎಂದಳು. ಶಿಹಾತಾ ಮಾವ ಈ ಹಠಮಾರಿಯನ್ನು ಏನು ಮಾಡಲಿ ಎಂದು ಕಂಡವರ ಮುಂದೆಲ್ಲ ಗೊಣಗಿದರು. ಗೊಣಗುವಾಗ ಮುಖ ಮಾತ್ರ ಅರಳಿರುತ್ತಿತ್ತು.

ಮದುವೆ ಗುರುವಾರ. ಬುಧವಾರ ಬೆಳಿಗ್ಗೆ ಕೀ ಬದಲಾಯಿಸುವ ಹೊತ್ತಿಗೆ ಬಂದ ಇಬ್ಬರೂ ಮೊದಲ ಬಾರಿಗೆ ತಮ್ಮ ತಮ್ಮ ದಾರಿ ಹಿಡಿಯಲಿಲ್ಲ. ಕಾರನ್ನು ನೆರಳಿಗೆ ತಂದು ನಿಲ್ಲಿಸಿ, ತೋಳು ಮಡಚಿ ನಿಂತರು.

“ಕನ್ನಡಿ ಆಗ್ಬೇಕು ಮಗಳೇ. ನೋಡಿದ್ರೆ ತಲೆ ಬಾಚ್ಕೊಳ್ಳೋ ಹಾಗೆ” ಎಂದರು ಶಿಹಾತಾ ಮಾವ.

“ಪಾಲಿಶ್ ಆಮೇಲೆ. ಮೊದಲು ನೀವಿಬ್ರೂ ಇಷ್ಟು ವರ್ಷ ಮೆತ್ತಿರೋದೆಲ್ಲ ಹೋಗ್ಬೇಕು” ಎಂದೆ. “ಇದರ ಮೇಲೇ ಪಾಲಿಶ್ ಉಜ್ಜಿದ್ರೆ ಹಲ್ವ ಆಗುತ್ತೆ.”

“ಕೇಳಿಸ್ತಾ? ನಿನ್ನ ಜೇನುಮೇಣ!”

“ನನ್ನದು ಜೇನು. ನಿನ್ನ ಡಬ್ಬೀಲಿ ಏನಿದೆ ಅಂತ ಆ ಅಂಗಡಿಯವನಿಗೂ ಗೊತ್ತಿಲ್ಲ.”

ಬಿಸಿನೀರಿಗೆ ಪಾತ್ರೆ ತೊಳೆಯುವ ಗಟ್ಟಿ ಸೋಪು ಕಲಸಿ ಎರಡು ಸಲ ತೊಳೆದೆ. ಬಾನೆಟ್ ಮೇಲೆ ನೀರು ಸುರಿದು ತೋರಿಸಿದೆ. ಮೇಣ ಇರುವ ಕಡೆ ನೀರು ಮುತ್ತು ಮುತ್ತಾಗಿ ಉರುಳುತ್ತದೆ, ಮೇಣ ಹೋದ ಕಡೆ ಹಾಳೆಯಂತೆ ಹರಡಿ ಜಾರುತ್ತದೆ. ಇನ್ನೂ ಎಲ್ಲ ಕಡೆ ಮುತ್ತೇ. ಸೋಪಿಗೆ ಬಗ್ಗುವ ಮೇಣವಲ್ಲ ಅದು. ನೀರು ಬೆರೆಸಿದ ಸ್ಪಿರಿಟ್‌ನಲ್ಲಿ ಬಟ್ಟೆ ಅದ್ದಿ, ಅಂಗೈಯಗಲ ಜಾಗ ಒರೆಸಿ, ಬಟ್ಟೆ ಮಡಚಿ ಹೊಸ ಮಗ್ಗುಲಿಂದ ಮತ್ತೆ ಒರೆಸಬೇಕು. ಅವಸರ ಮಾಡಿದರೆ ಮೇಣ ಇಲ್ಲಿಂದ ಎದ್ದು ಅಲ್ಲಿ ಕೂರುತ್ತದೆ.

ನನ್ನ ಬಟ್ಟೆ ಕಪ್ಪಾದದ್ದೇ ತಡ, ಲುತ್ಫಿ ಮಾವ ಎದೆ ಹಿಡಿದುಕೊಂಡರು. “ಬಣ್ಣ! ಬಣ್ಣಾನೇ ಕಿತ್ಕೊಂಡು ಬರ್ತಿದೆ!”

“ಹಳೇ ಕಾಲದ ಬಣ್ಣ ಮಾವ, ಸ್ವಲ್ಪ ಬಿಡುತ್ತೆ. ಹೆದರ್ಬೇಡಿ, ಬೇಕಾದಷ್ಟಿದೆ.”

ಸುಮ್ಮನೆ ನಿಂತು ನೋಡುವುದು ಇಬ್ಬರಿಗೂ ಆಗಲಿಲ್ಲ. ತಾವೂ ಬಟ್ಟೆ ಕೇಳಿದರು. ಶಿಹಾತಾ ಮಾವನಿಗೆ ಬಲಬದಿ ಕೊಟ್ಟೆ; ನಮ್ಮಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಫುಟ್‌ಪಾತಿನ ಕಡೆಗಿರುವುದು ಆ ಬದಿಯೇ. ಲುತ್ಫಿ ಮಾವನಿಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಕೊಟ್ಟು, ಮುಂಭಾಗದ ಜಾಲರಿ ಮತ್ತು ದೀಪಗಳ ಸಂದಿಯಲ್ಲಿ ಕೂತ ಮೇಣ ತೆಗೆಯಲು ಹೇಳಿದೆ. ಹತ್ತು ಗಂಟೆಗೆ ಲುತ್ಫಿ ಮಾವ ಎದ್ದು ಹೋಗಿ ಲಿವರ್ ಸ್ಯಾಂಡ್‌ವಿಚ್ ತಂದರು. ಮೂವರೂ ಮರದ ಬೆಂಚಿನ ಮೇಲೆ ಕೂತು ತಿಂದೆವು.

ಶಿಹಾತಾ ಮಾವ ಲುತ್ಫಿ ಮಾವನ ಕೈಯನ್ನೇ ನೋಡುತ್ತಿದ್ದರು. “ನೀನು ಎಡಗೈಯಲ್ಲಿ ತಿಂತೀಯಾ?”

“ಹುಟ್ಟಿದಾಗಿಂದ. ಅಮ್ಮ ಹೊಡೆದು ಸಾಕಾಗಿ ಬಿಟ್ಳು.”

“ಇಪ್ಪತ್ತೆರಡು ವರ್ಷದಲ್ಲಿ ನನಗೆ ಗೊತ್ತೇ ಇರ್ಲಿಲ್ವಲ್ಲೋ!”

“ನೀನು ಇಷ್ಟೊಂದು ಮೆಣಸಿನಕಾಯಿ ತಿಂತೀಯ ಅಂತ ನನಗೂ ಗೊತ್ತಿರ್ಲಿಲ್ಲ. ಆ ಸೀಟು ಬಿಸಿ ಇರೋದು ಯಾಕೆ ಅಂತ ಈಗ ತಿಳೀತು.”

ನಾನು ನಕ್ಕು ನಕ್ಕು ಚಹಾ ಚೆಲ್ಲಿಕೊಂಡೆ.

ತಿಂದು ಮತ್ತೆ ಕೆಲಸಕ್ಕೆ ಇಳಿದೆವು. ಸ್ವಲ್ಪ ಹೊತ್ತಿಗೆ ಶಿಹಾತಾ ಮಾವನ ಕೈ ನಿಂತದ್ದು ನನ್ನ ಗಮನಕ್ಕೆ ಬಂತು. ಹಿಂದಿನ ಬಲಬಾಗಿಲಿನ ಕೆಳಭಾಗದಲ್ಲಿ, ಮೇಣ ಹೋದ ಜಾಗದಲ್ಲಿ, ಉದ್ದನೆಯದೊಂದು ಗೀರು ಬಾಯಿ ಬಿಟ್ಟಿತ್ತು. ಅವರು ಬಟ್ಟೆಯನ್ನು ಮುಂದಕ್ಕೆ ಸರಿಸಿದರು. ಇನ್ನೊಂದು. ಮುಂದಿನ ಬಾಗಿಲಿನಲ್ಲಿ ಮೂರು, ಚಕ್ರದ ಮೇಲಿನ ತಗಡಿನಲ್ಲಿ ಎರಡು. ನಾನು ಹತ್ತಿರ ಹೋಗಿ ಉಗುರು ಇಟ್ಟು ನೋಡಿದೆ. ಗೀರಿನ ಒಳಗೆಲ್ಲ ಶೂ ಪಾಲಿಶ್ ತುಂಬಿ, ಮೇಲೆ ಜೇನುಮೇಣ ಎಳೆದಿತ್ತು. ಮುಚ್ಚಿದ ಕೈ ಬಲು ಜತನದ್ದು.

ಶಿಹಾತಾ ಮಾವನ ಕತ್ತಿನ ನರ ಉಬ್ಬಿತು. ಕೂಗಲು ಬಾಯಿ ತೆರೆದು ಮುಂಭಾಗದ ಕಡೆ ತಿರುಗಿದರು. ಅಲ್ಲಿ ಲುತ್ಫಿ ಮಾವ ಬಲದ ದೀಪದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕೋಳಿ ಕಾಳು ನೋಡುವ ಹಾಗೆ ತಲೆಯನ್ನು ಪೂರ್ತಿ ಓರೆ ಮಾಡಿ, ಎಡಗಣ್ಣನ್ನು ದೀಪದ ಅಂಚಿಗೆ ತಾಗಿಸುವಷ್ಟು ಹತ್ತಿರ ತಂದು ಬ್ರಷ್ ಆಡಿಸುತ್ತಿದ್ದರು. ಬಲಗೈ ಪಕ್ಕದಲ್ಲಿಟ್ಟ ಸೋಪುನೀರಿನ ಬಟ್ಟಲನ್ನು ನೆಲದ ಮೇಲೆ ತಡಕಿ ತಡಕಿ ಹುಡುಕುತ್ತಿತ್ತು. ಬಟ್ಟಲು ಇದ್ದದ್ದು ಒಂದು ಗೇಣು ದೂರದಲ್ಲಿ.

ಶಿಹಾತಾ ಮಾವನ ಬಾಯಿ ಹಾಗೇ ಮುಚ್ಚಿತು.

“ಎಲ್ಲಾ ಬಲಗಡೆನೇ” ಎಂದರು ನನಗೆ ಮಾತ್ರ ಕೇಳುವಂತೆ. “ಎಲ್ಲಾ ಒಂದೇ ಎತ್ತರ. ಫುಟ್‌ಪಾತಿನ ಕಲ್ಲುಕಂಬ. ಎಷ್ಟು ದಿನದ್ದಿರಬಹುದು?”

“ಹಿಂದಿನ ಬಾಗಿಲಿನದರಲ್ಲಿ ತುಕ್ಕು ಕೂತಿದೆ. ಹೋದ ಚಳಿಗಾಲದ್ದು. ಮುಂದಿನ ಬಾಗಿಲಿನದು ಮೊನ್ನೆ ಮೊನ್ನೆಯದು.”

ಅವರು ಬೆಂಚಿನ ಮೇಲೆ ಕೂತರು. ಹೋದ ಚಳಿಗಾಲದಿಂದಲೇ ಲುತ್ಫಿ ಮಾವ ಊರಾಚೆಯ ಬಾಡಿಗೆ ಬಿಟ್ಟು, ದೀಪವಿರುವ ಕಡಲದಂಡೆಯ ಕಾರ್ನಿಶ್ ರಸ್ತೆಯಲ್ಲಷ್ಟೇ ಓಡಾಡುತ್ತಿದ್ದರು. ಕೇಳಿದರೆ ಸಮುದ್ರದ ಗಾಳಿ ಹಿತ ಎನ್ನುತ್ತಿದ್ದರು. ನಾಳೆಯ ದಿಬ್ಬಣ ಹೊರಡಬೇಕಾದದ್ದು ರಾತ್ರಿ ಎಂಟಕ್ಕೆ. ಮಗಳು, ಅಳಿಯ ಹಿಂದಿನ ಸೀಟಿನಲ್ಲಿ.

“ನೀವೇ ಓಡಿಸ್ತೀನಿ ಅನ್ನಿ ಮಾವ” ಎಂದೆ.

“ಇಡೀ ಬೀದಿಗೆ ಹೇಳ್ಕೊಂಡು ಬಂದಿದ್ದಾನೆ ಕಣಮ್ಮ, ಇನಾಸ್‌ನ ನಾನೇ ಕರ್ಕೊಂಡು ಹೋಗ್ತೀನಿ ಅಂತ. ಕೋಟು ಬೇರೆ ಹೊಲಿಸಿದ್ದಾನೆ.”

ಅಷ್ಟರಲ್ಲಿ ಲುತ್ಫಿ ಮಾವ ಎದ್ದು ಈಚೆ ಬಂದರು. ಮೇಣ ಕಳೆದ ಬಲಬದಿ ಕಂಡಿತೋ, ನಮ್ಮ ಮೌನ ಕಂಡಿತೋ, ಬ್ರಷ್ ಹಿಡಿದ ಕೈ ಇಳಿಯಿತು. ಅವರು ಏನೋ ಹೇಳಲು ಹೊರಟರು. ಶಿಹಾತಾ ಮಾವ ಬಿಡಲಿಲ್ಲ.

“ಬಯ್ಯಬೇಡ ಲುತ್ಫಿ. ತಪ್ಪು ನನ್ನದು. ಮನ್ಶಿಯಾ ಸಂತೆ ಗಲ್ಲೀಲಿ ನಿಂಬೆಹಣ್ಣಿನ ಗಾಡಿಗಳ ಮಧ್ಯ ತೂರಿಸೋಕೆ ಹೋಗಿ ತಗುಲಿಸ್ಕೊಂಡೆ. ಒಂದ್ಸಲ ಅಲ್ಲ, ನಾಲ್ಕೈದು ಸಲ. ನೀನು ಬೇಜಾರು ಮಾಡ್ಕೋತೀಯ ಅಂತ ಮುಚ್ಚಿಟ್ಟೆ.”

ಲುತ್ಫಿ ಮಾವ ಆ ಗೀರುಗಳನ್ನು ನೋಡಿದರು. ತಾವೇ ಕಾಸಿದ ಮೇಣ, ತಾವೇ ತುಂಬಿದ ಪಾಲಿಶ್. ರಸ್ತೆಯಾಚೆ ಟ್ರಾಮ್ ಹಾದುಹೋಯಿತು.

“ನನ್ನ ಹತ್ರ ಹೇಳ್ಬಹುದಿತ್ತಲ್ಲೋ” ಎಂದರು ಕೊನೆಗೆ.

“ಹೇಳ್ಬಹುದಿತ್ತು. ನಾಚಿಕೆ ಆಯ್ತು.”

“ನಾಚಿಕೆ ಯಾಕೆ? ನಾನೇನು ಹೊರಗಿನವನಾ?”

“ಅದೇ ನಾನೂ ಯೋಚ್ನೆ ಮಾಡ್ತಿದ್ದೀನಿ, ನೋಡು” ಎಂದರು ಶಿಹಾತಾ ಮಾವ.

ನಾನು ಬಟ್ಟೆ ಹಿಂಡುವ ನೆಪದಲ್ಲಿ ಒಳಗೆ ಹೋದೆ. ಬರುವಷ್ಟರಲ್ಲಿ ಶಿಹಾತಾ ಮಾವ ಹೆಂಡತಿ ಕರೀಮಾಗೆ ಫೋನು ಮಾಡುತ್ತಿದ್ದರು. ಅತ್ತೆಯ ದನಿ ಸ್ಪೀಕರ್ ಇಲ್ಲದೆಯೂ ಬೀದಿಗೆ ಕೇಳುತ್ತಿತ್ತು.

“ದಿಬ್ಬಣ ನಾಲ್ಕು ಗಂಟೆಗಾ? ಅಲಂಕಾರದವಳು ಬರೋದೇ ಐದಕ್ಕೆ! ತಲೆ ನೆಟ್ಟಗಿದೆಯಾ ನಿಮಗೆ?”

“ಇಷ್ಟು ಕಷ್ಟಪಟ್ಟು ಪಾಲಿಶ್ ಮಾಡ್ತಿದ್ದೀವಿ ಕಣೇ. ಕತ್ತಲಲ್ಲಿ ಯಾರು ನೋಡ್ತಾರೆ? ಬಿಸಿಲಿರುವಾಗಲೇ ಕಾರ್ನಿಶ್ ಮೇಲೆ ಹೋಗ್ಬೇಕು, ಫೋಟೋ ತೆಗೀಬೇಕು.”

“ಮದುವೆ ಇನಾಸ್‌ದಾ, ಲಾಡಾದ್ದಾ?”

“ಇಬ್ಬರದ್ದೂ ಅಂದ್ಕೋ.”

ಅತ್ತೆ ಅವರ ವಂಶವನ್ನೆಲ್ಲ ನೆನೆದು ಫೋನಿಟ್ಟರು. ಮದುವೆಯ ಮನೆಯಲ್ಲಿ ಅವತ್ತು ಶಿಹಾತಾ ಮಾವನಿಗಾದ ಮಂಗಳಾರತಿಯನ್ನು ಇನಾಸ್ ಇವತ್ತಿಗೂ ನೆನೆಸಿಕೊಂಡು ನಗುತ್ತಾಳೆ. ಅವರು ಕಾರಣ ಮಾತ್ರ ಬಾಯಿ ಬಿಡಲಿಲ್ಲ.

ಗೀರುಗಳನ್ನು ತೊಳೆದು, ತುಕ್ಕು ಉಜ್ಜಿ, ಕಪ್ಪು ಬಣ್ಣ ತುಂಬಿದೆ. ಜೇಡಿಯಂಥ ಮೆತ್ತನೆಯ ಉಂಡೆಯಿಂದ ಅಂಟಿದ ಧೂಳೆಲ್ಲ ಎತ್ತಿದೆ. ನೀರು ಸುರಿದರೆ ಹಾಳೆಯಾಗಿ ಜಾರಿತು. ಸಂಜೆಯ ಹೊತ್ತಿಗೆ ಪಾಲಿಶ್ ಮುಗಿದಾಗ ಆ ಕಪ್ಪಿನಲ್ಲಿ ಎದುರು ಮನೆಯ ಬಟ್ಟೆ ಒಣಗುವ ಹಗ್ಗ ಕಂಡಿತು. ಆ ರಾತ್ರಿ ಟ್ಯಾಕ್ಸಿ ಹೊರಡಲಿಲ್ಲ, ಪಾಲಿಶ್ ಆರಬೇಕು ಎಂದೆ. ಲುತ್ಫಿ ಮಾವ ಕೀಯನ್ನು ನನ್ನ ಕೈಗೇ ಕೊಟ್ಟು ಮನೆಗೆ ಹೋದರು.

ಮರುದಿನ ದಿಬ್ಬಣ ನಾಲ್ಕಕ್ಕೆ ಹೊರಡಲಿಲ್ಲ, ಹೊರಟಾಗ ಐದಕ್ಕೆ ಹತ್ತು ನಿಮಿಷ ಬಾಕಿ. ಅಕ್ಟೋಬರ್ ತಿಂಗಳು, ಹೊತ್ತು ಬೇಗ ಮುಳುಗುತ್ತದೆ. ಹೊಸ ಕೋಟಿನಲ್ಲಿ ಲುತ್ಫಿ ಮಾವ ಸ್ಟೇರಿಂಗ್ ಹಿಡಿದರು, ಪಕ್ಕದಲ್ಲಿ ಶಿಹಾತಾ ಮಾವ. ನಾನು ಹೆಂಗಸರ ಜೊತೆ ಹಿಂದಿನ ಮಿನಿಬಸ್ಸಿನಲ್ಲಿದ್ದೆ. ಕಾರ್ನಿಶ್ ಉದ್ದಕ್ಕೂ ಲಾಡಾ ನುಣ್ಣಗೆ ಸಾಗಿತು. ಎದುರಿನ ಟ್ಯಾಕ್ಸಿಗಳೆಲ್ಲ ಹಾರನ್ನು ಬಡಿದು ಹಾರೈಸಿದವು. ಬಲಕ್ಕೆ ಯಾವುದಾದರೂ ಗಾಡಿ ಬಂದರೆ ಶಿಹಾತಾ ಮಾವ, “ಅಗೋ ಬಲಕ್ಕೆ ನೋಡು, ಎಂಥ ಚಂದದ ಬಸ್ಸು” ಎನ್ನುತ್ತಿದ್ದರಂತೆ. ಅಪ್ಪನಿಗೆ ಇವತ್ತೇನು ಬಸ್ಸುಗಳ ಮೇಲೆ ಇಷ್ಟು ಮೋಹ ಎಂದು ಇನಾಸ್ ಅಂದುಕೊಂಡಳಂತೆ.

ಸ್ಟಾನ್ಲಿ ಸೇತುವೆಯ ಹತ್ತಿರ ಫೋಟೋ ತೆಗೆಯುವವನು ಬಹಳ ಹೊತ್ತು ಹಿಡಿದ. ಹೊರಟಾಗ ಸೂರ್ಯ ಮುಳುಗಿ ಆಗಿತ್ತು, ಮದುವೆಯ ಹಾಲ್ ಇನ್ನೂ ಮೂರು ಕಿಲೋಮೀಟರ್. ನೂರು ಗಜ ಹೋಗಿ ಲಾಡಾ ಮೆಲ್ಲಗೆ ಪಕ್ಕಕ್ಕೆ ಸರಿದು ನಿಂತಿತು, ಹಿಂದೆಯೇ ನಮ್ಮ ಮಿನಿಬಸ್ಸೂ. ಲುತ್ಫಿ ಮಾವ ಇಳಿದು, ಬಾನೆಟ್ ಸುತ್ತಿ ಬಂದು ಶಿಹಾತಾ ಮಾವನ ಬಾಗಿಲು ತೆರೆದರು. ನಮ್ಮ ಕಿಟಕಿ ತೆರೆದಿತ್ತು, ಮಾತು ಸ್ಪಷ್ಟವಾಗಿ ಕೇಳಿತು.

“ಕತ್ತಲಾಗ್ತಿದೆ ಶಿಹಾತಾ. ಬಲಗಣ್ಣಿಗೆ ಏನೂ ಕಾಣ್ಸಲ್ಲ ನನಗೆ. ಇವಳು ನನ್ನ ಮಗಳೂ ಹೌದು. ನೀನು ಓಡ್ಸು.”

ಶಿಹಾತಾ ಮಾವ ಅವರನ್ನು ತಬ್ಬಿಕೊಂಡರು. ಇನಾಸ್ ಕಿಟಕಿಯಿಂದ ತಲೆ ಹಾಕಿ, “ಫೋಟೋ ಆಯ್ತಲ್ಲ ಅಪ್ಪ, ಮತ್ತೆ ಯಾಕೆ ಪೋಸು? ನನಗೆ ಹಸಿವಾಗ್ತಿದೆ!” ಎಂದಳು. ಇಬ್ಬರೂ ಜಾಗ ಬದಲಾಯಿಸಿದರು. ಹಾಲ್ ಮುಂದೆ, ಅಪ್ಪ ಕೂರಬೇಕಾದ ಪಕ್ಕದ ಸೀಟಿನಿಂದ ಲುತ್ಫಿ ಮಾವ ಇಳಿದದ್ದರಿಂದ ವರನ ದೂರದ ನೆಂಟರೆಲ್ಲ ಅವರನ್ನೇ ಬೀಗರೆಂದು ತಿಳಿದು ಎರಡು ಕೆನ್ನೆಗೂ ಮುತ್ತಿಟ್ಟರು. ನಿಜವಾದ ಅಪ್ಪನನ್ನು ಬಾಡಿಗೆ ಡ್ರೈವರ್ ಅಂದುಕೊಂಡು, “ಉಸ್ತಾ, ಕಾರು ಹಿಂದುಗಡೆ ಹಾಕು” ಎಂದರು. ಅವರು ಹೋಗಿ ಹಾಕಿ ಬಂದರು.

ಆ ಚಳಿಗಾಲ ಹಗಲು ಲುತ್ಫಿ ಮಾವನದಾಯಿತು, ರಾತ್ರಿ ಶಿಹಾತಾ ಮಾವನದು. ಕಣ್ಣಿನ ಪೊರೆ ತೆಗೆಸಲು ಲುತ್ಫಿ ಮಾವ ಮೂರು ಸಲ ದಿನ ಮುಂದೂಡಿದರು. ನಾಲ್ಕನೆಯ ಸಲ ಶಿಹಾತಾ ಮಾವ ಸಂತೆಗೆ ಎಂದು ಕಾರಿಗೆ ಹತ್ತಿಸಿಕೊಂಡು ಹೋಗಿ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದರು.

ಪಟ್ಟಿ ಬಿಚ್ಚಿದ ಮರುದಿನ ಬೆಳಿಗ್ಗೆ ಲುತ್ಫಿ ಮಾವ ಅಂಗಡಿಗೆ ಬಂದರು. ಲಾಡಾದ ಮುಂದೆ ನಿಂತು, ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದರು.

“ಈ ಹಳದಿ ಇಷ್ಟು ಹಳದಿ ಇತ್ತಾ? ನನಗ್ಯಾಕೆ ಯಾರೂ ಹೇಳ್ಲಿಲ್ಲ?” ಎಂದರು. ಆಮೇಲೆ ಅದೇ ಕಣ್ಣನ್ನು ಶಿಹಾತಾ ಮಾವನ ಕಡೆ ತಿರುಗಿಸಿ, ಅಡಿಯಿಂದ ಮುಡಿವರೆಗೆ ಸಾವಧಾನವಾಗಿ ನೋಡಿದರು. “ನೀನು ಇಷ್ಟು ಮುದುಕ ಆಗಿದ್ದೀಯ ಅಂತಾನೂ ಯಾರೂ ಹೇಳ್ಲಿಲ್ಲ.”

“ಇನ್ನೊಂದು ಕಣ್ಣೂ ಮುಚ್ಚಿಬಿಡ್ತೀನಿ ನೋಡು” ಎಂದು ಶಿಹಾತಾ ಮಾವ ಚಪ್ಪಲಿಗೆ ಕೈ ಹಾಕಿದರು.